ಖಾಲಿ ಇದ್ದ ಹೆಸರು

ತಾನು ಸತ್ತಾಗ ಹಂಚಿಹೋದ ಸಾಮಾನುಗಳಲ್ಲಿ ಈ ಕನ್ನಡಿಯೂ ಒಂದು ಎಂದು ಈನೊಸ್ ಲಾಫ್ಟ್‌ಗೆ ಗೊತ್ತಾದದ್ದು ಎರಡೂ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡ ಮೇಲೆ. ಚೌಕಟ್ಟಿನ ಮೂಲೆಯಲ್ಲಿ ಚಾಕುವಿನಿಂದ ಕೆತ್ತಿದ ಒಂದು ತೋಳದ ತಲೆಯಿತ್ತು. ಚಿಕ್ಕವನಿದ್ದಾಗ ಅವನೇ ಕೆತ್ತಿದ್ದು. ಆಗಲೂ ಅದು ಆಡಿನ ಹಾಗೆ ಕಾಣುತ್ತಿತ್ತು, ಈಗಲೂ ಆಡೇ. ‘ಇದು ನಂದಲ್ವೇನಕ್ಕಾ?’ ಎಂದ. ಒಲೆಯ ಮುಂದೆ ಬೂದಿನೀರಿನಲ್ಲಿ ಮುಸುಕಿನ ಜೋಳ ಕುದಿಸುತ್ತ ನಿಂತಿದ್ದ ರೀವಾ ತಿರುಗಿ ಕೂಡ ನೋಡಲಿಲ್ಲ. ‘ನಿಂದಾಗಿತ್ತು. ನಿನ್ನ ಹತ್ತನೇ ದಿನದ ಊಟದಲ್ಲಿ ನನ್ನ ಪಾಲಿಗೆ ಬಂತು. ಪಿಟೀಲು ಗ್ರೀನ್‌ನವರ ಮನೆಗೆ ಹೋಯ್ತು. ಉಣ್ಣೆ ಕೋಟು ಫ್ರೀಮನ್‌ಗೆ. ಅವನು ಅದು ಹರಿಯೋ ತನಕ ಹಾಕ್ಕೊಂಡ. ಪುಣ್ಯಾತ್ಮ, ಒಳ್ಳೊಳ್ಳೇ ಸಾಮಾನು ಬಿಟ್ಟು ಸತ್ತೆ ನೀನು.’ ಯಾರದೋ ಮದುವೆಯ ಊಟವನ್ನು ನೆನೆದುಕೊಳ್ಳುವಂತಿತ್ತು ಅವಳ ದನಿ. ಈನೊಸ್ ಕ್ಷೌರದ ಕತ್ತಿ ಎತ್ತಿಕೊಂಡ. ಹಬ್ಬದ ದಿನ, ಸತ್ತವನಾದರೂ ಗಡ್ಡ ಹೆರೆದುಕೊಳ್ಳಬೇಕು.

ಸಾಯುವುದು ಅವನಿಗೆ ಹೊಸದೇನಲ್ಲ. ಕುದುರೆಯಿಂದ ಬಿದ್ದು ಸತ್ತಿದ್ದ, ಚಾವಣಿಯಿಂದ ಉರುಳಿ ಸತ್ತಿದ್ದ, ನೀರಿನ ತೊಟ್ಟಿಯಲ್ಲಿ ಮಕಾಡೆ ತೇಲುತ್ತ, ತೇಲುತ್ತಲೇ ಊಟದ ಗಂಟೆ ಕೇಳಿಸಿಕೊಳ್ಳುತ್ತ ಸತ್ತಿದ್ದ. ಗ್ರ್ಯಾಂಡ್ ನದಿಯ ಈ ದಂಡೆಯ ಮೋಹಾಕ್ ಬುಡಕಟ್ಟಿನ ಗಂಡಸರು ಮುಗಿಲು ಮುಟ್ಟುವ ಉಕ್ಕಿನ ತೊಲೆಗಳ ಮೇಲೆ ಬೀಳದೆ ನಡೆಯುವುದಕ್ಕೆ ದೊಡ್ಡ ದೊಡ್ಡ ಪಟ್ಟಣಗಳಲ್ಲಿ ಹೆಸರಾದವರು. ಈನೊಸ್ ಒಬ್ಬ ಬೀಳುವುದಕ್ಕೆ ಹೆಸರಾದ. ಲಾಸ್ ಏಂಜಲೀಸಿನಲ್ಲಿ ಒಂದು ಕಟ್ಟಡದ ಹಂದರ ನಿಲ್ಲಿಸಲು ಹೋದವನು, ಮಧ್ಯಾಹ್ನ ತೊಲೆಯ ತುದಿಯಲ್ಲಿ ಕಾಲು ಇಳಿಬಿಟ್ಟು ರೊಟ್ಟಿ ತಿನ್ನುತ್ತಿದ್ದಾಗ ಕೆಳಗಿನಿಂದ ಒಬ್ಬ ಟೋಪಿಯವನು ಕೂಗಿ ಕೇಳಿದ್ದ: ‘ಏಯ್, ನಿನಗೆ ಬೀಳೋಕೆ ಬರುತ್ತಾ?’ ಬೀಳದೇ ಇರುವುದಕ್ಕೆ ಕೂಲಿ ಇಸಿದುಕೊಳ್ಳುತ್ತಿದ್ದ ಮನುಷ್ಯ, ಬಿದ್ದರೆ ಅದರ ನಾಲ್ಕರಷ್ಟು ಸಿಗುತ್ತದೆಂದು ತಿಳಿದ ಮೇಲೆ ಮತ್ತೆ ಮೇಲೆ ಹತ್ತಲಿಲ್ಲ. ಆಮೇಲೆ ಯಾರೋ ಅವನ ಕೆನ್ನೆಯ ಮೂಳೆ ನೋಡಿದರು. ಆಮೇಲೆ ಟೀವಿ ಬಂತು. ಟೀವಿಯಲ್ಲಿ ಷೆರಿಫ್ ಬಕ್ ಹಾರ್ಲನ್ ಎಂಬ ನ್ಯಾಯವಂತ ವಾರಕ್ಕೊಮ್ಮೆ ಕುದುರೆ ಏರಿ ಬಂದ, ಅವನ ಹಿಂದೆ ಜಾಡು ಹುಡುಕುವ ಗ್ರೇಕ್ಲೌಡ್ ಎಂಬ ನಂಬಿಗಸ್ಥ ಬಂದ, ಅವನೇ ಈನೊಸ್. ಗ್ರೇಕ್ಲೌಡ್‌ಗೆ ಇದ್ದದ್ದು ಎರಡು ಮಾತು. ಒಂದು, ‘ಹೊಗೆ ಕಾಣ್ತಿದೆ, ಷೆರಿಫ್’. ಇನ್ನೊಂದು, ‘ನೀವು ಹೇಳಿದ ಹಾಗೆ, ಷೆರಿಫ್’. ಎರಡನ್ನೂ ಮುರುಕು ಇಂಗ್ಲಿಷಿನಲ್ಲಿ ಹೇಳಬೇಕು. ಈನೊಸ್‌ನ ಇಂಗ್ಲಿಷ್ ಚೆನ್ನಾಗಿಯೇ ಇದ್ದುದರಿಂದ ಅದನ್ನು ಮುರಿಯುವುದು ಹೇಗೆಂದು ಕಲಿಸಲು ಕಾಲೇಜು ಓದಿದ ಒಬ್ಬ ಮೇಷ್ಟ್ರನ್ನು ಇಟ್ಟಿದ್ದರು. ಅವನ ಕುದುರೆ ಷೆರಿಫನ ಕುದುರೆಗಿಂತ ಅರ್ಧ ಮೈ ಹಿಂದಿರಬೇಕು. ಮೊದಮೊದಲು ನೆಲದ ಮೇಲೆ ಸುಣ್ಣದ ಗೆರೆ ಹಾಕುತ್ತಿದ್ದರು, ಆಮೇಲೆ ಕುದುರೆಗೇ ಅಭ್ಯಾಸವಾಯಿತು. ಅವನಿಗೂ ಆಯಿತು. ಲಾಫ್ಟ್ ಎಂಬ ಹೆಸರಿಗೆ ಗರಿಯಿಲ್ಲವೆಂದು ಸ್ಟುಡಿಯೋದವರು ಜಾನಿ ರೆಡ್‌ಪ್ಲೂಮ್ ಎಂದು ಕರೆದರು. ಗರಿಯ ಕಿರೀಟವನ್ನೂ ತೊಡಿಸಿದರು. ಅದು ಸಾವಿರಾರು ಮೈಲಿ ದೂರದ ಬಯಲಿನ ಬೇರೆ ಜನರದು, ಅವನ ಅಜ್ಜ ಮುತ್ತಜ್ಜಂದಿರು ಕನಸಿನಲ್ಲೂ ಕಂಡದ್ದಲ್ಲ. ಇರಲಿ, ಟೀವಿಗೆ ಒಂದು ಜಾತಿಯ ರೆಡ್ ಇಂಡಿಯನ್ ಸಾಕು. ನಗು ಬರುವುದು ಅದಕ್ಕಲ್ಲ. ಹೋದ ಶನಿವಾರ, ಊರಿಗೆ ವಾಪಸ್ಸು ಬಂದ ಮೇಲೆ, ಇಲ್ಲೇ, ಲಕ್ರಾಸ್ ಚೆಂಡಾಟದ ಪಂದ್ಯದ ನಡುವೆ, ಅವನ ಸ್ವಂತ ಜನವೇ ಅಂಗಡಿಯಿಂದ ಅಂಥದೇ ಒಂದು ಕಿರೀಟ ತಂದು, ಪರ ಊರಿನವರು ಬಂದಿದ್ದಾರೆ, ಒಂದು ಫೋಟೋಗೆ ತಲೆ ಕೊಡಪ್ಪ, ಎಂದು ಮೈಕಿನಲ್ಲಿ ಕೇಳಿದ್ದರು. ಕೊಟ್ಟಿದ್ದ. ತಲೆ ಕೊಟ್ಟೂ ಕೊಟ್ಟೂ ಅದು ಅವನಿಗೆ ಊಟದಷ್ಟೇ ಸಹಜವಾಗಿತ್ತು.

‘ರಾತ್ರಿ ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ ಅಕ್ಕ,’ ಎಂದ, ಗಲ್ಲದ ಕೆಳಗಿನ ಜೋಲು ಚರ್ಮವನ್ನು ಎಳೆದು ಹಿಡಿದು. ಅವಳು ಅವನ ದೊಡ್ಡಮ್ಮ ಲಾಟಿಯ ಮಗಳು. ದೊಡ್ಡಮ್ಮ ಹೋದ ಮೇಲೆ ತೋಳದ ಕುಲಕ್ಕೆ ಅವಳೇ ತಾಯಿ. ಕುಲದ ಹೆಸರುಗಳೆಲ್ಲ ಅವಳ ಕೈಯಲ್ಲಿ. ಯಾರಿಗೆ ಯಾವುದು, ಯಾವುದು ಖಾಲಿ, ಯಾವುದು ಯಾರ ಕೊರಳಲ್ಲಿದೆ ಎನ್ನುವುದೆಲ್ಲ ಅವಳ ತಲೆಯಲ್ಲಿ. ಒಂದು ಹೆಸರನ್ನು ಒಂದು ಕಾಲಕ್ಕೆ ಒಬ್ಬನೇ ಹೊರಬೇಕು. ಹೊತ್ತವನು ಸತ್ತರೆ ಅದು ಕುಲಕ್ಕೆ ವಾಪಸ್ಸು. ಈನೊಸ್‌ಗೆ ಬೇಕಾಗಿದ್ದದ್ದು ತನ್ನ ಹೆಸರು ರಹೆಂತೆ, ಅಷ್ಟೆ. ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸಿನ ಡಾಕ್ಟರು ಅವನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ತಾನು ಬಾಲ್ಯದಲ್ಲಿ ಗ್ರೇಕ್ಲೌಡ್‌ನ ದೊಡ್ಡ ಅಭಿಮಾನಿಯಾಗಿದ್ದೆ ಎಂದು ಮೊದಲು ಹೇಳಿ, ಮಿಕ್ಕದ್ದನ್ನು ಆಮೇಲೆ ಹೇಳಿದ್ದ. ಆ ಸಂಜೆ ಒಂಟಿ ಮನೆಯಲ್ಲಿ ಕುಳಿತು ಈನೊಸ್ ಯೋಚಿಸಿದ್ದು ಸಾವನ್ನಲ್ಲ, ಸಾವಿನ ನಂತರದ ಒಂದು ಕ್ಷಣವನ್ನು. ಕುಲಗಳೆಲ್ಲ ಸೇರುವ ಉದ್ದಮನೆಯಲ್ಲಿ ಹೆಣವಿಟ್ಟುಕೊಂಡು ಮಾತುಗಾರ ಎದ್ದು ನಿಂತು, ಹುಟ್ಟಿಸಿದವನಿಗೆ, ಇಗೋ ಇಂಥವನು ಬರುತ್ತಿದ್ದಾನೆ ಎಂದು ಹೆಸರು ಹಿಡಿದು ಹೇಳಬೇಕು. ಆತನಿಗೆ ಗೊತ್ತಿರುವುದು ಕುಲ ಇಟ್ಟ ಹೆಸರೊಂದೇ. ಜಾನಿ ರೆಡ್‌ಪ್ಲೂಮ್ ಬರುತ್ತಿದ್ದಾನೆ ಎಂದರೆ ಆತ ಬಾಗಿಲಲ್ಲಿ ನಿಂತು ಯಾರಪ್ಪ ಅದು ಎಂದಾನು. ಅರವತ್ತು ದಾಟಿದ ಮೇಲೂ ಇಂಥದ್ದಕ್ಕೆ ಹೆದರುತ್ತೇನಲ್ಲ ಎಂದು ನಾಚಿಕೆಯಾಗಿತ್ತು. ಹೆದರಿಕೆ ಮಾತ್ರ ಹೋಗಿರಲಿಲ್ಲ.

‘ಉತ್ತರ ಏನು ಕೊಡೋದು?’ ಎಂದಳು ರೀವಾ. ‘ರಹೆಂತೆ ಈಗ ಡೆಲ್ಮರ್. ನನ್ನ ಮಗಳ ಮಗ. ಹದಿನೇಳು ವರ್ಷದಿಂದ ಅವನು ರಹೆಂತೆ. ಅವನ ಕೊರಳಿಂದ ಬಿಚ್ಚಿ ನಿನಗೆ ಹಾಕೋಕೆ ಅದೇನು ಟೈಯೇನೋ?’

‘ನಾನು ಸತ್ತಿರಲಿಲ್ಲವಲ್ಲ ಅಕ್ಕ!’

‘ನೀನು ಎಷ್ಟು ಸಲ ಸತ್ತೆಯೋ! ಅದರಲ್ಲಿ ಯಾವುದು ಕಡೇದು ಅಂತ ನಮಗೆ ಹೇಗೋ ಗೊತ್ತಾಗ್ಬೇಕು?’ ಎಂದು ಅವಳು ಜೋಳವನ್ನು ಬುಟ್ಟಿಗೆ ಸುರಿದು ಸಿಪ್ಪೆ ಉದುರುವಂತೆ ಕುಲುಕಿದಳು.

ಕತ್ತಿ ಗಲ್ಲದ ಹತ್ತಿರ ಸಣ್ಣಗೆ ಗೀರಿತು. ಯಾವ ಸಾವಿನ ಮಾತು ಎಂದು ಅವನಿಗೆ ಗೊತ್ತಾಗಿತ್ತು, ಗೊತ್ತಾಗದೆ ಏನು. ಮಾಡಿದ್ದು ತಾನೇ. ಷೆರಿಫನ ಧಾರಾವಾಹಿ ಮುಗಿದ ಮೇಲೆ ಅವನಿಗೆ ಸಿಗುತ್ತಿದ್ದದ್ದು ಇತರರ ಧಾರಾವಾಹಿಗಳಲ್ಲಿ ಬಂದು ಸಾಯುವ ಕೆಲಸ. ಅಂಥದೊಂದರಲ್ಲಿ, ಧೂಳಿನ ಒಂದು ಮಧ್ಯಾಹ್ನ, ನಿರ್ದೇಶಕ ಕಾಗದದ ಲೋಟದಲ್ಲಿ ಕಾಫಿ ಹೀರುತ್ತ, ‘ಈ ಕೆಟ್ಟ ನಾಯಕನಿಗೆ ಒಂದು ಹೆಸರು ಬೇಕಲ್ಲ ಜಾನಿ, ನಿಮ್ಮ ಭಾಷೇದೇ ಒಂದು ಕೊಡು, ಬಾಯಲ್ಲಿ ಹೊರಳೋ ಹಾಗಿರಲಿ’ ಎಂದಿದ್ದ. ಕೊಡಬಹುದಾದ ಹೆಸರು ಸಾವಿರ ಇದ್ದವು. ಕೆಟಲು ಎನ್ನಬಹುದಿತ್ತು, ಹಂದಿ ಎನ್ನಬಹುದಿತ್ತು, ಯಾರಿಗೆ ತಿಳಿಯುತ್ತಿತ್ತು? ಆದರೆ ಬಾಯಿಂದ ಬಂದದ್ದು ‘ರಹೆಂತೆ’. ಮುಂದೆ ನಡೆಯುವವನು ಎಂದು ಅರ್ಥ. ಹನ್ನೆರಡು ವರ್ಷದಿಂದ ಆ ಹೆಸರನ್ನು ಒಂದು ಬಾಯಿಯೂ ಕರೆದಿರಲಿಲ್ಲ. ಕೇಳಬೇಕೆನಿಸಿತ್ತು, ಅಷ್ಟೆ. ಟೀವಿಯಲ್ಲಿ ಒಂದು ಸಲ, ದೇಶವೆಲ್ಲ ಕೇಳುವಂತೆ. ನಿರ್ದೇಶಕ ಮೂರು ಸಲ ತಪ್ಪು ಹೇಳಿ ನಾಲ್ಕನೆಯ ಸಲ ಸರಿಯಾಗಿ ಹೇಳಿದಾಗ ಈನೊಸ್‌ಗೆ ಕುಣಿಯುವಷ್ಟು ಖುಷಿಯಾಗಿತ್ತು. ಗುಂಡು ತಗಲುವಾಗ ಕೂಡ ಒಳಗೊಳಗೇ ನಗು. ಧಾರಾವಾಹಿಯ ಹೀರೋ ಬೂಟುಗಾಲಿನಿಂದ ಅವನನ್ನು ಅಂಗಾತ ಹೊರಳಿಸಿ, ಟೋಪಿ ತೆಗೆದು, ಕ್ಯಾಮೆರಾದ ಕಡೆ ತಿರುಗಿ, ‘ರಹೆಂತೆ ಸತ್ತ’ ಎಂದ. ಒಳ್ಳೆಯ ಉಚ್ಚಾರಣೆ. ಈನೊಸ್ ಕಣ್ಣು ಮುಚ್ಚಿಕೊಂಡೇ ಅದನ್ನು ಚಪ್ಪರಿಸಿದ್ದ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಎಂದು ಗಾದೆ ಮಾಡಿದವರು ಆ ಮಂಗನಿಗೆ ಮಾಣಿಕ್ಯದ ಬೆಲೆ ಗೊತ್ತಿತ್ತೋ ಇಲ್ಲವೋ ಹೇಳಿಲ್ಲ. ಇವನಿಗೆ ಗೊತ್ತಿತ್ತು.

ಇಲ್ಲಿ ಆಗ ಟೀವಿ ಇದ್ದದ್ದು ಅಂಗಡಿಯ ವೆಲಿಂಗ್ಟನ್‌ನ ಮನೆಯಲ್ಲಿ ಒಂದೇ. ಈನೊಸ್ ಬರುವ ದಿನ ಜನ ಕಿಟಕಿಯ ಹೊರಗೂ ನಿಂತು ನೋಡುತ್ತಿದ್ದರಂತೆ. ಮುಂದಿನ ಕುರ್ಚಿ ದೊಡ್ಡಮ್ಮ ಲಾಟಿಗೆ. ಅವಳಿಗೆ ಇಂಗ್ಲಿಷ್ ಒಂದಕ್ಷರ ಬಾರದು. ತಂಗಿಯ ಮಗ ಪರದೆಯ ಮೇಲೆ ಬಂದರೆ ಸಾಕು, ಸೊರಗಿದ್ದಾನೆ, ಉಂಡಿಲ್ಲ ಎನ್ನುತ್ತ ಕೂರುವಳು. ಆ ಸಂಜೆ ಅವಳಿಗೆ ಅರ್ಥವಾದದ್ದು ಒಂದೇ ಮಾತು, ತಾನೇ ಕೂಸಿನ ಕೊರಳಿಗೆ ಹಾಕಿದ್ದ ಹೆಸರು. ಅವನು ಬಿದ್ದದ್ದನ್ನು ಕಣ್ಣಾರೆ ಕಂಡಳು, ಬೂಟುಗಾಲನ್ನು ಕಂಡಳು. ಪಕ್ಕದವರನ್ನು ಕೇಳಿದಳು: ರಹೆಂತೆ ಏನಾದ ಅಂದ ಆ ಬಿಳಿಯ? ಸತ್ತ ಅಂದ ದೊಡ್ಡಮ್ಮ, ಆಟ ಅದು, ಎಂದರು. ಅವಳು ಸೆರಗೆಳೆದಂತೆ ಶಾಲನ್ನು ತಲೆಯ ಮೇಲೆಳೆದುಕೊಂಡು ಎದ್ದುಬಿಟ್ಟಳು. ‘ಕುದುರೆ ಆಟ ಇರಬಹುದು, ಬಂದೂಕು ಆಟ ಇರಬಹುದು. ಹೆಸರು ಆಟ ಅಲ್ಲ. ಅವನನ್ನ ಹೆಸರು ಹಿಡಿದು ಸತ್ತ ಅಂದಿದಾರೆ, ಊರೆಲ್ಲಾ ಕೇಳಿದೆ,’ ಎಂದಳಂತೆ. ಹತ್ತನೇ ದಿನ ಅಡಿಗೆ ಮಾಡಿಸಿ, ಅವನ ಪಾಲಿನ ತಟ್ಟೆಯಿಟ್ಟು, ಹಳೇ ಸಾಮಾನೆಲ್ಲ ಹಂಚಿಸಿ, ಹೆಸರನ್ನು ಕುಲಕ್ಕೆ ವಾಪಸ್ಸು ತಂದಳು. ಮುಂದಿನ ಹಬ್ಬದಲ್ಲಿ ಅದು ಡೆಲ್ಮರನಿಗೆ ಹೋಯಿತು. ಅದೇ ಹತ್ತನೇ ದಿನ ಈನೊಸ್ ಎಲ್ಲಿದ್ದ? ಬಹುಶಃ ಇನ್ನೊಂದು ಬಂಡೆಯಿಂದ ಉರುಳುತ್ತಿದ್ದ.

‘ಯಾರಾದರೂ ತಡೀಬಹುದಿತ್ತು,’ ಎಂದ, ಗಾಯಕ್ಕೆ ಟವೆಲ್ಲು ಒತ್ತಿ. ‘ನೀನು ಹೇಳಬಹುದಿತ್ತು. ನಿನಗೆ ಗೊತ್ತಿತ್ತು ಬದುಕಿದೀನಿ ಅಂತ.’

ರೀವಾ ಬುಟ್ಟಿ ಇಳಿಸಿ ಮೊದಲ ಸಲ ಅವನ ಕಡೆ ತಿರುಗಿದಳು. ‘ಹೇಳಿದೆ ಕಣೋ. ಅವ್ವ ಕೇಳಿದ್ಲು, ಅವನ ಹೆತ್ತವ್ವ ಸತ್ತಾಗ ಅವನು ಬಂದ್ನಾ ಅಂತ. ಮಣ್ಣಿಗೂ ಬರಲಿಲ್ಲ, ಹತ್ತನೇ ದಿನಕ್ಕೂ ಬರಲಿಲ್ಲ. ಹೆತ್ತವ್ವ ಸತ್ತರೂ ಬರದೋನು ಬದುಕಿದಾನೆ ಅಂತ ಯಾವ ಬಾಯಲ್ಲಿ ವಾದ ಮಾಡ್ತೀಯೇ ಅಂದ್ಲು.’ ಹೇಳಿ ಮತ್ತೆ ಬುಟ್ಟಿ ಎತ್ತಿಕೊಂಡಳು. ಈನೊಸ್ ಕತ್ತಿಯನ್ನು ಬಟ್ಟಲಿನ ನೀರಿನಲ್ಲಿ ತೊಳೆದ. ತಾಯಿ ಹೋದಳೆಂಬ ತಂತಿ ಬಂದಾಗ ಅವನು ಬಣ್ಣ ಹಚ್ಚುವ ಕುರ್ಚಿಯಲ್ಲಿದ್ದ. ಅವನ ಕಂದು ಮುಖಕ್ಕೆ ಸಾಕಷ್ಟು ಕಂದಲ್ಲವೆಂದು ಕಂದು ಬಣ್ಣ ಬಳಿಯುತ್ತಿದ್ದರು. ಓದಿ, ಮಡಿಸಿ, ಬೂಟಿನೊಳಗೆ ತುರುಕಿಕೊಂಡು ಹೋಗಿ ಕುದುರೆ ಹತ್ತಿ, ಹೊಗೆ ಕಾಣ್ತಿದೆ ಷೆರಿಫ್ ಎಂದಿದ್ದ. ರಜೆ ಕೊಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಕೇಳಿರಲಿಲ್ಲ. ಕೇಳಲೇ ಇಲ್ಲ. ತಿಂಗಳ ಮೇಲೆ ಹೇಗೋ ತಿಳಿದ ನಿರ್ಮಾಪಕ ಹೆಗಲ ಮೇಲೆ ಕೈಯಿಟ್ಟು, ‘ಅಯ್ಯೋ, ಹೇಳಬಾರದಿತ್ತೇನಯ್ಯಾ ಜಾನಿ? ಆ ವಾರ ನಿನ್ನದು ಹೆಚ್ಚಾಗಿ ಬೆನ್ನೇ ತಾನೇ, ಯಾರನ್ನಾದ್ರೂ ಕೂರಿಸ್ತಿದ್ವಿ’ ಎಂದಿದ್ದ. ಒಳ್ಳೆಯ ಮನುಷ್ಯ. ಆ ಒಳ್ಳೆಯತನವನ್ನು ಈನೊಸ್ ಇವತ್ತಿಗೂ ಕ್ಷಮಿಸಿಲ್ಲ. ಬೈದಿದ್ದರೆ, ರಜೆ ಇಲ್ಲ ಹೋಗೋ ಎಂದಿದ್ದರೆ, ಈ ಇಪ್ಪತ್ತು ವರ್ಷ ಎಷ್ಟು ಸುಖವಾಗಿರುತ್ತಿದ್ದ.

ಅಂಗಳದಲ್ಲಿ ಸೈಲೆನ್ಸರ್ ಕಿತ್ತುಹೋದ ಒಂದು ಕಾರು ಬಂದು ನಿಂತಿತು. ಡೆಲ್ಮರ್ ಒಳಗೆ ಬಂದ. ಆರಡಿ ಆಳು, ಹುಬ್ಬಿನ ಮೇಲೆ ಲಕ್ರಾಸ್ ಚೆಂಡು ಬಡಿದ ಹೊಲಿಗೆ, ಕೈಯಲ್ಲಿ ಮಧ್ಯಾಹ್ನದ ತನಕ ತಡೆಯಲಾರದೆ ತಿನ್ನುತ್ತಿದ್ದ ರೊಟ್ಟಿ. ರಹೆಂತೆ ಎನ್ನುವ ಘನವಾದ ಹೆಸರನ್ನು ಹೊತ್ತವನು ಇವನು ಎಂದು ಈನೊಸ್‌ಗೆ ಒಂದು ವಾರವಾದರೂ ಒಪ್ಪಿಕೊಳ್ಳಲಾಗಿರಲಿಲ್ಲ. ‘ಏನು ತಾತ, ಇವತ್ತೂ ಬದುಕಿದೀಯಾ?’ ಎಂದ. ‘ಅಜ್ಜಿ ಎಲ್ಲ ಹೇಳಿದ್ಲು. ನಿನಗೆ ಹೆಸರು ವಾಪಸ್ ಬೇಕಂತೆ. ತಗೋ ಬೇಕಾದ್ರೆ, ನಾನೇನು ಕೇಳಿ ಇಸ್ಕೊಂಡಿದ್ದಲ್ಲ.’

ಈನೊಸ್ ತಟ್ಟನೆ ತಿರುಗಿದ. ‘ನಿಜವಾಗ್ಲೂ?’ ಎಂದುಬಿಟ್ಟ. ಕೂಡಲೇ ದನಿ ಎಷ್ಟು ಸಣ್ಣದಾಯಿತೆಂದು ಕೇಳಿಸಿತು.

‘ನಿಜವಾಗ್ಲೂ. ಆದ್ರೆ ಒಂದು ಹೇಳು. ನೀನು ತಗೊಂಡ್ರೆ ನಾನ್ಯಾರು? ಗೋಲು ಬಿಟ್ರೆ ಟೀಮಿನವರು ಯಾರನ್ನ ಬೈಯೋದು? ನಮ್ಮವ್ವ ಬೆಳಗ್ಗೆ ಯಾರನ್ನ ಕೂಗಿ ಎಬ್ಬಿಸೋದು?’ ಅವನು ರೊಟ್ಟಿ ಅಗಿಯುತ್ತ, ನಿಜಕ್ಕೂ ಉತ್ತರ ಬೇಕಾದವನಂತೆ ಕಾದ. ತಮಾಷೆಯೇನೂ ಮಾಡುತ್ತಿರಲಿಲ್ಲ. ಈನೊಸ್ ಮೂವತ್ತು ವರ್ಷ ಬೇರೆಯವರು ಬರೆದುಕೊಟ್ಟ ಉತ್ತರಗಳನ್ನೇ ಹೇಳಿದವನು. ಇದಕ್ಕೆ ಯಾರೂ ಬರೆದುಕೊಟ್ಟಿರಲಿಲ್ಲ.

‘ಆಯ್ತು, ಹೊರಗೆ ನಿಂತಿರು ನೀನು,’ ಎಂದು ರೀವಾ ಮೊಮ್ಮಗನನ್ನು ಅಟ್ಟಿದಳು. ಆಮೇಲೆ ಕೈ ಒರೆಸಿಕೊಂಡು ಎದುರಿಗೆ ಕುಳಿತಳು. ‘ನೋಡು ಈನೊಸ್. ಗಂಡಸರ ಹೆಸರಲ್ಲಿ ಈಗ ಖಾಲಿ ಇರೋದು ಒಂದೇ. ಇವತ್ತು ಎಳೆ ಜೋಳದ ಹಬ್ಬ, ಕೂಸುಗಳಿಗೆ ಹೆಸರಿಡೋ ದಿನ. ಒಪ್ಪಿದ್ರೆ ಇವತ್ತೇ ಆಗುತ್ತೆ. ರೊನೊನ್ಸೋನಿ.’

‘ಅದು ಹಬರ್ಟ್‌ನ ಹೆಸರಲ್ವಾ?’

‘ಹೂಂ, ಹೋದ ಚಳಿಗಾಲ ಹೋದ್ನಲ್ಲ, ಅವಂದು. ಒಳ್ಳೇ ಹಳೇ ಹೆಸರು. ಸ್ವಲ್ಪ ಕೊಳೆಯಾಗಿದೆ. ತೊಳ್ಕೊಂಡ್ರೆ ಹೋಗುತ್ತೆ.’

ಹಬರ್ಟ್ ಕುಡಿದು ಹಿಮದಲ್ಲಿ ಮಲಗಿ ಸತ್ತವನು. ಬದುಕಿದ್ದಾಗ ಸೀಮೆಯಲ್ಲಿ ಅವನು ಕದಿಯದ ಕೋಳಿಯಿಲ್ಲ, ಮುರಿಯದ ಆಣೆಯಿಲ್ಲ. ರೊನೊನ್ಸೋನಿ ಎಂದರೆ ಮನೆ ಕಟ್ಟಿದವನು. ಅಂಥ ಹೆಸರಿಟ್ಟುಕೊಂಡು ಅವನು ಮಾಡಿದ್ದೆಲ್ಲ ಮನೆಮುರುಕ ಕೆಲಸ. ಅವನ ತಾಯಿ ಮಿನರ್ವಾ, ತೊಂಬತ್ತರ ಹತ್ತಿರದವಳು, ಕಣ್ಣು ಹೋದವಳು, ಕೆಳಗಿನ ದಾರಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ ಎಂದು ಈನೊಸ್ ಕೇಳಿದ್ದ. ಅವನಿಗೆ ಸಿಟ್ಟು ನೆತ್ತಿಗೇರಿತು. ‘ಆ ಕುಡುಕನ ಹೆಸರು ನನಗಾ? ನಾನು ಯಾರು ಅಂತ ತಿಳಿದಿದೀಯ? ಜಪಾನಿನಲ್ಲೂ ನನ್ನ ಮುಖ ಗುರುತು ಹಿಡೀತಾರೆ!’

‘ಹಾಗಾದ್ರೆ ಜಪಾನಿನವರು ಇಡಲಿ ನಿಂಗೆ ಹೆಸರು,’ ಎಂದು ರೀವಾ ಎದ್ದಳು. ‘ಇವತ್ತು ಬಿಟ್ರೆ ಇನ್ನು ನಡು ಚಳಿಗಾಲದ ಹಬ್ಬಕ್ಕೆ. ಅಷ್ಟೊತ್ತಿಗೆ ನೀನಿರ್ತೀಯೋ ಇಲ್ವೋ, ನಿನ್ನ ಡಾಕ್ಟರನ್ನ ಕೇಳು. ನಡಿ, ಹೊತ್ತಾಯ್ತು.’

ಕಾರಿನಲ್ಲಿ ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತವನು ಈನೊಸ್. ದಾರಿಯುದ್ದ ಹೊಗೆಸೊಪ್ಪಿನ ಹೊಲಗಳು, ಹಲಗೆ ಹೊದಿಸಿದ ಮನೆಗಳು, ನೆಟ್ಟಗೆ ನಿಂತ ಜೋಳ. ಬಿಸಿ ಪಾತ್ರೆ ತೊಡೆ ಸುಡುತ್ತಿತ್ತು. ಇಳಿಸು ಎನ್ನಲು ಸಂಕೋಚ. ತಾನು ಹೆಸರಿಲ್ಲದೆ ಸತ್ತರೆ ಏನು ಮುಳುಗಿಹೋಗುತ್ತದೆ ಎಂದುಕೊಂಡ. ಲಾಸ್ ಏಂಜಲೀಸಿನಲ್ಲಿ ಒಳ್ಳೊಳ್ಳೆ ಸ್ಮಶಾನಗಳಿವೆ, ಹುಲ್ಲು ಕತ್ತರಿಸಿಡುತ್ತಾರೆ, ಕಲ್ಲಿನ ಮೇಲೆ ಕುದುರೆಯ ಚಿತ್ರ ಬೇಕಾದರೂ ಕೆತ್ತುತ್ತಾರೆ. ಷೆರಿಫ್ ಬಕ್ ಹಾರ್ಲನ್ ಅಲ್ಲೇ ಒಂದರಲ್ಲಿ ಮಲಗಿದ್ದಾನೆ. ಅವನ ಅರ್ಧ ಮೈ ಹಿಂದೆ ಜಾಗ ಖಾಲಿಯೂ ಇರಬಹುದು. ಇದನ್ನು ಯೋಚಿಸಿ ನಗಲು ಹೋದ. ಬಂದದ್ದು ಅಳು. ಮುಂದಿನ ಸೀಟಿನಲ್ಲಿದ್ದ ರೀವಾ ಕನ್ನಡಿಯಲ್ಲಿ ನೋಡಿಯೂ ನೋಡದವಳಂತೆ ಡೆಲ್ಮರನಿಗೆ ನಿಧಾನ ಓಡಿಸೋ ಎಂದಳು.

ಉದ್ದಮನೆಯೊಳಗೆ ಬೆಂಚುಗಳು ತುಂಬಿದ್ದವು. ತೋಳದವರ ಕಡೆ ಗಂಡಸರ ಸಾಲಿನ ತುದಿಯಲ್ಲಿ ಈನೊಸ್‌ಗೆ ಜಾಗ ಸಿಕ್ಕಿತು. ಪಕ್ಕದವನು ಸರಿದು ಕೂತ. ಗೌರವಕ್ಕೋ, ಅತ್ತರಿನ ವಾಸನೆಗೋ ತಿಳಿಯಲಿಲ್ಲ. ಮಾತುಗಾರ ಫ್ರೀಮನ್ ಎದ್ದು ಜನಕ್ಕೆ, ನೀರಿಗೆ, ಮೀನಿಗೆ, ಜೋಳಕ್ಕೆ, ಗಾಳಿಗೆ, ಸೂರ್ಯನಿಗೆ ಒಂದೊಂದಾಗಿ ವಂದನೆ ಹೇಳಿದ. ಪ್ರತಿಯೊಂದಕ್ಕೂ ಗಂಡಸರು ಹೂಂ ಎಂದರು. ಈನೊಸ್‌ನ ಹೂಂ ಒಂದು ಕ್ಷಣ ತಡವಾಗಿ ಬೀಳುತ್ತಿತ್ತು. ಭಾಷೆ ಮರೆತಿರಲಿಲ್ಲ, ವೇಗ ಮರೆತಿದ್ದ. ಆಮೇಲೆ ಕುಣಿತ. ನಡುವಿನ ಬೆಂಚಿನ ಮೇಲೆ ಆಮೆಯ ಚಿಪ್ಪಿನ ಗಿಲಕಿ ಕೂತಿತ್ತು. ಫ್ರೀಮನ್ ಸುತ್ತ ನೋಡಿ, ಮೊದಲು ಯಾರು ನಡೆಸಬೇಕೆಂದು ಹೆಸರು ಕರೆದ: ‘ರಹೆಂತೆ!’

ಈನೊಸ್‌ನ ಮೈ ಎದ್ದು ನಿಂತಿತು. ಅವನು ಎದ್ದದ್ದಲ್ಲ, ಮೈ ಎದ್ದದ್ದು. ಅರವತ್ತನಾಲ್ಕು ವರ್ಷದ ಮಂಡಿ ಚಟ್ಟನೆ ನೆಟ್ಟಗಾಯಿತು. ಎದುರಿನ ಬೆಂಚಿನ ಹೆಂಗಸರೆಲ್ಲ ನೋಡಿದರು. ಒಂದಿಬ್ಬರು ಬಾಯಿಗೆ ಶಾಲು ಹಿಡಿದರು. ಹಿಂದಿನಿಂದ ಯಾರೋ ಮೆಲ್ಲಗೆ, ‘ಕೂತ್ಕೋ ಮಾವ, ಸತ್ತೋರಿಗೆ ಸಾಯಂಕಾಲ ಬೇರೆ ಕುಣಿತ ಇದೆ’ ಎಂದ. ಪ್ಯಾಂಟು ಸರಿಮಾಡಿಕೊಳ್ಳುವವನಂತೆ ನಟಿಸಿ ಈನೊಸ್ ಕುಳಿತ. ಅವನ ಜೀವಮಾನದ ಅತ್ಯಂತ ಕೆಟ್ಟ ನಟನೆ. ಅಷ್ಟರಲ್ಲಿ ಡೆಲ್ಮರ್ ನಡುವಿಗೆ ಬಂದಿದ್ದ. ಹೆಗಲು ತುಸು ಬಗ್ಗಿಸಿ, ಹಿ ಎಂದು ಎತ್ತರದ ದನಿಯಲ್ಲಿ ಹಾಡು ಎತ್ತಿ, ಹಿಮ್ಮಡಿಯಿಂದ ಹಲಗೆಯ ನೆಲ ಬಡಿಯುತ್ತ ಹೊರಟ. ಮುದುಕರು, ಉಕ್ಕಿನ ಕೆಲಸದವರು, ತೊಡೆಯ ಮೇಲಿಂದ ಇಳಿದ ಮಕ್ಕಳು ಒಬ್ಬರ ಹಿಂದೊಬ್ಬರು ಅವನ ಹಿಂದೆ ಸೇರಿಕೊಂಡರು. ಅವನು ತಿರುಗಿ ನೋಡಲಿಲ್ಲ. ಹಿಂದೆ ಜನ ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಈನೊಸ್‌ಗೆ ಆ ಹುಡುಗನ ಮೇಲೆ ಹೊಟ್ಟೆಕಿಚ್ಚು ಬಂತು. ತನಗೆ ಕೊಟ್ಟಿದ್ದಾಗ ಆ ಹೆಸರು ಒಂದು ದಿನವೂ ಈ ಕೆಲಸ ಮಾಡಿರಲಿಲ್ಲ. ಇನ್ನು ಅದನ್ನು ಕೇಳುವುದು ಹೇಗೆ? ಕೇಳಬಾರದು ಎನ್ನುವುದು ಅವನಿಗೆ ಖಂಡಿತವಾಯಿತು. ಖಂಡಿತವಾದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಹೆಸರಿಡುವ ಹೊತ್ತಿಗೆ ಕೂಸುಗಳು ಅಳತೊಡಗಿದ್ದವು. ಆಮೆಯ ಕುಲದ ಒಂದು, ಕರಡಿಯ ಕುಲದ ಎರಡು. ಫ್ರೀಮನ್ ಒಂದೊಂದನ್ನೇ ಎತ್ತಿಕೊಂಡು ಹೆಸರು ಸಾರಿ, ಹಾಡುತ್ತ ಉದ್ದಮನೆಯ ಈ ತುದಿಯಿಂದ ಆ ತುದಿಗೆ ನಡೆದ. ಗಂಡಸರು ಹೆಜ್ಜೆಗೆ ತಕ್ಕಂತೆ ಹೆಹ್ ಹೆಹ್ ಎಂದರು. ಆಮೇಲೆ ಹೆಂಗಸರ ಕಡೆಯಿಂದ ರೀವಾ ಎದ್ದು ಫ್ರೀಮನ್‌ನ ಕಿವಿಯಲ್ಲಿ ಏನೋ ಹೇಳಿದಳು. ಅವನ ಹುಬ್ಬು ಮೇಲೇರಿತು. ‘ತೋಳದವರಲ್ಲಿ ಒಂದು ಹೆಸರು ಖಾಲಿ ಇದೆಯಂತೆ,’ ಎಂದು ಸಾರಿದ. ‘ಹೆಸರಿಲ್ಲದ ಒಬ್ಬನೂ ಇದಾನಂತೆ. ಕೂಸು ಸ್ವಲ್ಪ ದೊಡ್ಡದು, ಎತ್ಕೊಳ್ಳೋಕಾಗಲ್ಲ. ಒಪ್ಪಿಗೆ ಇದ್ರೆ ತಾನೇ ಎದ್ದು ಬರಲಿ.’ ಬೆಂಚುಗಳೆಲ್ಲ ನಕ್ಕವು. ಆಮೇಲೆ ಸದ್ದಡಗಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವಳನ್ನು ಕೊಂದುಬಿಡಬೇಕು ಎನಿಸಿತು ಈನೊಸ್‌ಗೆ. ಆ ಹೆಸರು ಬೇಡ ಎಂದು ಅಡಿಗೆಮನೆಯಲ್ಲೇ ಹೇಳಿರಲಿಲ್ಲವೆ? ಆದರೆ ಆ ಮೌನ ಅವನಿಗೆ ಚೆನ್ನಾಗಿ ಗೊತ್ತಿದ್ದ ಮೌನ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದಾರೆ, ಇನ್ನು ಒಬ್ಬನ ಸರದಿ. ಇಂಥ ಮೌನವನ್ನು ಅವನು ಒಂದು ದಿನವೂ ಕೆಡಿಸಿದವನಲ್ಲ, ಜ್ವರವಿದ್ದಾಗಲೂ, ಪಕ್ಕೆಲುಬು ಮುರಿದಾಗಲೂ. ದೊಡ್ಡ ಅರಿವು ಗಿರಿವು ಏನೂ ಆಗಲಿಲ್ಲ, ಅಭ್ಯಾಸಬಲದಿಂದ ಎದ್ದ.

ಫ್ರೀಮನ್ ಅವನ ತೋಳಿಗೆ ತೋಳು ಹೆಣೆದು, ‘ರೊನೊನ್ಸೋನಿ’ ಎಂದು ಮೂರೂ ಕುಲದವರ ಕಡೆಗೆ ಸಾರಿ, ಹಾಡುತ್ತ ಹೊರಟ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ತೋಳು ಜಗ್ಗಿತು. ಈನೊಸ್ ಅರ್ಧ ಹೆಜ್ಜೆ ಹಿಂದೆ ಬಿದ್ದಿದ್ದ. ಫ್ರೀಮನ್ ಎಳೆದ, ಮತ್ತೆ ಹಿಂದೆ ಬಿದ್ದ. ಹಾಡಿನ ಎರಡು ಸಾಲುಗಳ ನಡುವೆ ಫ್ರೀಮನ್ ಬಾಯಿ ಓರೆ ಮಾಡಿ, ‘ಪಕ್ಕದಲ್ಲಿ ನಡಿಯಯ್ಯ, ನಾನೇನು ಷೆರಿಫಲ್ಲ’ ಎಂದ. ಈನೊಸ್ ಕಾಲಿನ ಮೇಲೆ ಕಣ್ಣಿಟ್ಟು, ನಡೆಯಲು ಕಲಿಯುವವನಂತೆ, ಪಕ್ಕಕ್ಕೆ ಬಂದ. ಗಂಡಸರು ಹೆಹ್ ಹೆಹ್ ಎಂದರು. ಅಷ್ಟೇ. ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಮರದ ಕೆಳಗೆ ಊಟ. ಜೋಳದ ಸಾರು, ಹಂದಿಯ ತುಂಡು, ಬೇಯಿಸಿದ ರೊಟ್ಟಿ. ಈನೊಸ್ ಬಟ್ಟಲು ಹಿಡಿದು, ಯಾರ ಪಕ್ಕ ಕೂರಲೆಂದು ನೋಡುತ್ತಿದ್ದಾಗ ಡೆಲ್ಮರ್ ಒಬ್ಬ ಮುದುಕಿಯನ್ನು ಕೈಹಿಡಿದು ನಡೆಸಿಕೊಂಡು ಬಂದ. ಹಕ್ಕಿಯಷ್ಟು ಮೈ, ಗಂಡಸಿನ ಬೂಟು, ಕಣ್ಣಿನ ಮೇಲೆ ಹಾಲಿನಂಥ ಪೊರೆ. ‘ಮಿನರ್ವಾ ಅಜ್ಜಿ,’ ಎಂದು ಡೆಲ್ಮರ್ ಅವನ ಕಿವಿಯಲ್ಲಿ ಹೇಳಿ, ‘ಇಲ್ಲೇ ಇದಾನಜ್ಜಿ’ ಎಂದು ಅವಳ ಕೈಯನ್ನು ಈನೊಸ್‌ನ ಎದೆಯ ಮೇಲಿಟ್ಟು ಹೋದ. ಆ ಕೈ ಎದೆಯಿಂದ ಕೊರಳಿಗೆ, ಕೊರಳಿಂದ ಮುಖಕ್ಕೆ ಹತ್ತಿತು. ಹೊಸದಾಗಿ ಹೆರೆದ ಕೆನ್ನೆಯನ್ನೂ ಗಲ್ಲದ ಗಾಯವನ್ನೂ ಮುಟ್ಟಿ ನೋಡಿತು. ಸೀಮೆಯ ಜನ ಉಣ್ಣುವುದನ್ನು ನಿಲ್ಲಿಸಿ ನೋಡುತ್ತಿದ್ದರು.

‘ರೊನೊನ್ಸೋನಿ,’ ಎಂದಳು. ‘ದಪ್ಪ ಆಗಿದೀಯ. ಬಾಯಿ ಊದು ನೋಡೋಣ.’

ಈನೊಸ್ ಊದಿದ. ಅವಳು ಮೂಸಿ ನೋಡಿದಳು.

‘ಅಮ್ಮಾ, ನಾನು ಹಬರ್ಟ್ ಅಲ್ಲ,’ ಎಂದ ಮೆಲ್ಲಗೆ. ‘ನಾನು...’

‘ಗೊತ್ತು ಕಣೋ ಮೂದೇವಿ, ಕಣ್ಣು ಹೋಗಿದೆ, ತಲೆ ಹೋಗಿಲ್ಲ. ನನ್ನ ಮಗನ್ನ ನಾನೇ ಮಣ್ಣು ಮಾಡಿದೀನಿ. ಹೆಸರು ಎದ್ದು ಬಂತಲ್ಲ, ಅವನ ಜಾಗದಲ್ಲಿ ಈಗ ನೀನು. ಬೈಯೋಕೆ ಒಬ್ಬರೂ ಇಲ್ಲದೆ ಒಂಬತ್ತು ತಿಂಗಳಾಯ್ತು ನಂಗೆ.’ ಅವಳು ಉಸಿರು ತೆಗೆದುಕೊಂಡಳು. ದನಿ ಎತ್ತರವಾಯಿತು. ‘ಈಗ ಹೇಳು. ನನ್ನ ಹಸು ಯಾಕೋ ಮಾರಿದೆ?’

ಯಾರೂ ನಗಲಿಲ್ಲ. ಈನೊಸ್ ಆ ಹಸುವನ್ನು ಕಂಡವನಲ್ಲ. ಕಪ್ಪೋ ಕಂದೋ ಗೊತ್ತಿಲ್ಲ. ಒಂದು ತಮಾಷೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಕೈ ಇನ್ನೂ ಅವನ ಕೆನ್ನೆಯ ಮೇಲೇ ಇತ್ತು, ಒರಟಾಗಿ, ಬಿಸಿಯಾಗಿ, ಉತ್ತರಕ್ಕೆ ಕಾಯುತ್ತ. ತನ್ನ ತಾಯಿಯ ಕೈ ಕೊನೆಗೆ ಹೇಗಿತ್ತೋ ತನಗೆ ಗೊತ್ತಿಲ್ಲ ಎನ್ನುವುದು ನೆನಪಾಯಿತು.

‘ತಪ್ಪಾಯ್ತವ್ವ,’ ಎಂದ.

‘ಕೇಳಿಸ್ಲಿಲ್ಲ.’

‘ತಪ್ಪಾಯ್ತವ್ವ! ಕೇಳಬೇಕಿತ್ತು ನಾನು. ಕೇಳಲೇ ಇಲ್ಲ. ಬರಬೇಕಿತ್ತು...’ ಮಾತು ಹಸುವನ್ನು ಬಿಟ್ಟು ಎಲ್ಲೋ ಹೋಗುತ್ತಿದೆ ಎಂದು ಅವನಿಗೇ ತಿಳಿದು ನಿಲ್ಲಿಸಿದ. ಹೆಗಲು ಅಲುಗುತ್ತಿತ್ತು. ಮುದುಕಿ ಹೆಬ್ಬೆರಳಿನಿಂದ ಅವನ ಕಣ್ಣಿನ ಕೆಳಗೆ ಒರೆಸಿ, ಆ ಬೆರಳನ್ನು ತನ್ನ ಲಂಗಕ್ಕೆ ಒರೆಸಿಕೊಂಡಳು.

‘ಆಯ್ತು ಬಿಡು,’ ಎಂದಳು. ‘ಅತ್ತಿದ್ದು ಸಾಕು, ಉಣ್ಣು. ಚಳಿಗಾಲ ಬರ್ತಿದೆ, ಹಿತ್ತಿಲಲ್ಲಿ ಮರದ ದಿಮ್ಮಿ ಹಾಗೇ ಬಿದ್ದಿವೆ. ಒಂದೂ ಒಡೆದಿಲ್ಲ.’

ಭಾನುವಾರಕ್ಕೆ ವಿಮಾನವಿದೆ ಎಂದು ಹೇಳಲು ಬಾಯಿ ತೆರೆದ. ‘ಕೊಡಲಿ ಎಲ್ಲಿಟ್ಟಿದೀಯವ್ವ?’ ಎಂದು ಕೇಳಿದ.

‘ಅದನ್ನೂ ನೀನೇ ಮಾರಿದ್ದಲ್ಲೇನೋ,’ ಎಂದಳು ಮಿನರ್ವಾ.